ಹಸು ನಂಬರ್ ಇನ್ನೂರ ಹನ್ನೆರಡು

ಕಿವಿಯ ತುದಿಯ ಕೂದಲು ಬೋಳಿಸಿ
ಸೂಜಿ ತಾಗಿಸಿದರೆ ಒಂದು ಹನಿ.
ಗಾಜಿನ ಮೇಲೆ ಇನ್ನೊಂದು ಗಾಜಿನ ಅಂಚಿಟ್ಟು
ಒಂದೇ ಸಲಕ್ಕೆ ಎಳೆಯಬೇಕು,
ಹಣೆಗೆ ವಿಭೂತಿ ಎಳೆದಂತೆ: ತೆಳ್ಳಗೆ, ಯೋಚಿಸದೆ.
ಯೋಚಿಸಿದರೆ ಕೈ ನಡುಗುತ್ತದೆ.

ಮೊಸಳೆ ಹೊಸಹಳ್ಳಿಯ ಡೈರಿ ಹಿಂದೆ ಜವರಮ್ಮನ ಕೊಟ್ಟಿಗೆ.
ರಾಣಿ, ಕಪ್ಪು ಬಿಳುಪು, ಹದಿನಾಲ್ಕು ಲೀಟರಿನದು,
ಇವತ್ತು ಎರಡು. ಜ್ವರ ನೂರ ಆರು.
ಭುಜದ ಮುಂದೆ ನಿಂಬೆಹಣ್ಣಿನಷ್ಟು ಗಂಟು.
ಪಕ್ಕದಲ್ಲಿ ಕೆಂದಿ, ಹನ್ನೊಂದು ವರ್ಷದ ನಾಟಿ,
ತನಗೂ ಇದಕ್ಕೂ ಸಂಬಂಧವಿಲ್ಲದಂತೆ
ಮೆಲುಕು ಹಾಕುತ್ತಿತ್ತು. ಬಂದದ್ದಕ್ಕೆ ಅದರದೂ ಒಂದು ಹನಿ ತೆಗೆದೆ.

ಹಾಸನದ ನಮ್ಮ ಲ್ಯಾಬಿನಲ್ಲಿ ನಲ್ಲಿ ನೀರಿಗೂ ಗುಣ ನೋಡಬೇಕು,
ಹುಳಿಯಾದರೆ ನೀಲಿ ಹಿಡಿಯುವುದಿಲ್ಲ.
ಬಣ್ಣದಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಇಮಾಮ್ ಟೀ ತರುತ್ತಾನೆ,
ಕರೆಂಟು ಹೋಗುತ್ತದೆ,
ಹಳೆಯ ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಗೆ ತಿರುಗಿಸುತ್ತೇವೆ.
ಎಣ್ಣೆ ಒಂದು ತೊಟ್ಟು.

ಗುಲಾಬಿ ಬಟ್ಟಲುಗಳು. ಅವುಗಳ ಒಳಗೆ
ಒಂದರಲ್ಲಿ ಸೊನ್ನೆ, ಒಂದರಲ್ಲಿ ಚುಕ್ಕೆ,
ಒಂದರಲ್ಲಿ ಬಾಲ ಬಾಗಿದ ಅಲ್ಪವಿರಾಮ.
ಅಕ್ಷರವೇ ಇಲ್ಲದ ಪುಟ, ಬರೀ ಚಿಹ್ನೆ.
ಥೈಲೇರಿಯಾ ಎಂದು ಬರೆದುಕೊಳ್ಳುತ್ತೇನೆ.
ಸಾವಿರ ಕಣಕ್ಕೆ ಮುನ್ನೂರ ಹತ್ತು.

ಕೆಚ್ಚಲಿಗೆ ಅಂಟಿಯೂ ಹಾಲು ಬಿಟ್ಟು ರಕ್ತ ಹೀರುತ್ತದೆಂದು
ಉಣ್ಣೆಯನ್ನು ನಮ್ಮ ಭಾಷೆ ಎಷ್ಟು ಕಾಲದಿಂದ ಬಯ್ದಿದೆ.
ಬಯ್ದವರು ಅದನ್ನು ಸೀಳಿ ನೋಡಿದ್ದಿಲ್ಲ.
ನಾನು ಸೀಳಿದ್ದೇನೆ, ಕೂದಲಿನಂಥ ಸೂಜಿಯಲ್ಲಿ.
ಜೊಲ್ಲಿನ ಗ್ರಂಥಿ ದ್ರಾಕ್ಷಿಗೊಂಚಲಿನ ಹಾಗೆ.
ಆ ಗೊಂಚಲಲ್ಲಿ ಬಾಡಿಗೆಯಿಲ್ಲದೆ ಕೂತವನ ಪರಿಚಯ
ಉಣ್ಣೆಗೂ ಇಲ್ಲ.
ಕುಡಿಯಲು ಬಂದವನು ಒಬ್ಬ, ಇಳಿದುಹೋದವನು ಇನ್ನೊಬ್ಬ.

ಗಂಟಿನಿಂದ ತೆಗೆದ ನೀರಿನ ಸ್ಲೈಡು ಇನ್ನೂ ಕಷ್ಟ.
ಅಲ್ಲಿ ಅದು ಕಾವಲಿಗಿದ್ದ ಬಿಳಿ ಕಣದೊಳಗೇ ಹೊಕ್ಕು
ಸಾಯಬೇಡ, ಎರಡಾಗು ಅನ್ನುತ್ತದೆ.
ಕಾವಲುಗಾರ ಎರಡಾಗುತ್ತಾನೆ. ಅದೂ ಜೊತೆಗೇ ಹರಿದು
ಒಂದೊಂದು ಮನೆಗೆ ಒಂದೊಂದು ಪಾಲು,
ವಕೀಲರಿಲ್ಲ, ಜಗಳವಿಲ್ಲ.
ಇದನ್ನು ಮೊದಲು ಕಂಡ ರಾತ್ರಿ ನನಗೆ ಊಟ ಸೇರಲಿಲ್ಲ.
ಚೆಂದವಿತ್ತು. ಅದಕ್ಕೇ.

ಶುಕ್ರವಾರ ಜವರಮ್ಮ ಬಸ್ಸು ಹಿಡಿದು ಬಂದಳು.
"ಅದೇನಂತ ನಂಗೂ ತೋರ್ಸವ್ವ."
ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟಳು.
"ಬರೀ ನನ್ ರೆಪ್ಪೆ ಕಾಣ್ತದೆ."
ಎಲ್ಲರಿಗೂ ಮೊದಲು ಕಾಣುವುದು ಅದೇ.
ಆಮೇಲೆ ಉಸಿರು ಬಿಗಿ ಹಿಡಿದಳು.
"ಇಷ್ಟೇಯಾ? ನನ್ ರಾಣಿ ಅಷ್ಟ್ ದೊಡ್ಡದು."

ಕೆಂದಿಯ ಸ್ಲೈಡನ್ನೂ ಇಟ್ಟೆ. ಅರ್ಧ ಗಂಟೆ ಹುಡುಕಿದ ಮೇಲೆ
ಅಲ್ಲೂ ಒಂದು, ಅದೇ ಬಾಲ ಬಾಗಿದ್ದು.
"ಇದ್ಕೂ ಐತಾ? ಮತ್ಯಾಕ್ ಇದ್ಕೇನೂ ಆಗಿಲ್ಲ?"
ಅದೇ ನನ್ನ ಪಿಎಚ್‌ಡಿ. ನಾಲ್ಕನೇ ವರ್ಷ.
ಗೊತ್ತಿಲ್ಲ ಅಂದೆ.
ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಳುವಿಗಲ್ಲ,
ಐಪೀಸಿನ ಧೂಳಿಗೆ.
"ಇಬ್ರಿಗೂ ಏನೋ ಮಾತಾಗಿರ್ಬೇಕು ಬುಡು."

ಇಂಜೆಕ್ಷನ್ನಿಗೆ ಎರಡು ಬಟವಾಡೆಯ ಹಾಲು ಹೋಯಿತು.
ಭಾನುವಾರ ಬೆಳಗಿನ ಜಾವ ರಾಣಿಯೂ.
ರಿಜಿಸ್ಟರಿನಲ್ಲಿ ಇನ್ನೂರ ಹನ್ನೆರಡರ ಮುಂದೆ ತಾರೀಕು ಹಾಕಿದೆ.
ಡಬ್ಬದೊಳಗೆ, ಗಾಜಿನ ಮೇಲೆ, ಅವಳು ಇನ್ನೂ ಗುಲಾಬಿ.

ಹತ್ತು ದಿನ ಬಿಟ್ಟು ಹಾಲಿನ ವ್ಯಾನಿನ ಹುಡುಗ
ಒಂದು ನಶ್ಯದ ಡಬ್ಬಿ ತಂದುಕೊಟ್ಟ.
"ಜವರಮ್ಮ ಕೊಟ್ರು. ಕೆಂದಿ ಮೈಮೇಲಿಂದಂತೆ.
ನಲವತ್ಮೂರು, ಎಣಿಸ್ಕಬೇಕಂತೆ."
ಎಣಿಸಿದೆ. ಎಲ್ಲಕ್ಕೂ ಜೀವವಿತ್ತು.
ಮುಚ್ಚಳದಲ್ಲಿ ಹೊಲಿಗೆ ಸೂಜಿಯಿಂದ ಚುಚ್ಚಿದ ಆರು ತೂತು:
ಉಣ್ಣೆ ನುಸುಳದು,
ಗಾಳಿ ನುಸುಳೀತು.